ಸಕ್ಕರೆಯ ನಿಲುಬೊಂಬೆಗಳು: ಗೌರಿ ಹುಣ್ಣಿಮೆಯ ಆರತಿಯ ಅಚ್ಚಿನಿಂದ ಕೇಕಿನ ಮೇಲಣ ಅಲಂಕಾರದವರೆಗೆ

ಕಲಬುರಗಿ ಪ್ರಾಂತದಲ್ಲಿ ಕಾರ್ತಿಕ ಮಾಸದ ಗೌರಿ ಹುಣ್ಣಿಮೆಯು ಸಮೀಪಿಸಿತೆಂದರೆ ಸಕ್ಕರೆಯ ಆರತಿಗಳನ್ನು ಎರೆಯುವ ಮನೆಗಳಲ್ಲಿ ಒಲೆಗಳು ಬೆಳಗಿನಿಂದ ಬೈಗಿನವರೆಗೆ ಉರಿಯುತ್ತಿರುವುದನ್ನು ವಾಚಕರೆಲ್ಲರೂ ಬಲ್ಲರು. ಆನೆ, ಕುದುರೆ, ಒಂಟೆ, ನವಿಲು, ತೇರು, ಗೋಪುರ, ಕಳಸ, ಬಸವಣ್ಣ ಮುಂತಾದ ಆಕೃತಿಗಳನ್ನು ಮರದ ಅಚ್ಚುಗಳಲ್ಲಿ ಎರೆದು, ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ನಡುವೆ ಹಣತೆಯನ್ನಿಟ್ಟು ಹೆಣ್ಣುಮಕ್ಕಳು ಗೌರಿಗೆ ಆರತಿ ಬೆಳಗುವರು. ಮದುವೆ ನಿಶ್ಚಯವಾದ ಕನ್ಯೆಗೆ ಗಂಡಿನ ಮನೆಯವರು ಸೀರೆ, ಹೂವುಗಳೊಡನೆ ಸಕ್ಕರೆಯ ಆರತಿಯನ್ನು ಒಯ್ಯುವ ಪದ್ಧತಿಯೂ ಉತ್ತರ ಕರ್ನಾಟಕದಲ್ಲಿ ಉಂಟು. ಆರತಿಯು ಮುಗಿದ ಬಳಿಕ ಆ ಬೊಂಬೆಗಳು ಮಕ್ಕಳ ಪಾಲಾಗುತ್ತವೆ. ಹೋಳಿ ಹುಣ್ಣಿಮೆಯಲ್ಲಿ ಮಕ್ಕಳ ಕೊರಳಿಗೆ ಹಾಕುವ ಸಕ್ಕರೆಯ ಸರವೂ ಇದೇ ಕಸುಬಿನ ಮತ್ತೊಂದು ಕವಲು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದೊಡನೆ ಬೀರುವ ಸಕ್ಕರೆ ಅಚ್ಚು ಇದರ ಒಡಹುಟ್ಟು.

ಕೃಷಿಯ ವಿಷಯವನ್ನು ತಿಳಿಸಬೇಕಾದ ಈ ಪತ್ರಿಕೆಯಲ್ಲಿ ಮಿಠಾಯಿಯ ಮಾತೇಕೆಂದು ಕೆಲವರು ಕೇಳಬಹುದು. ಆಳಂದ, ಅಫಜಲಪುರ ತಾಲ್ಲೂಕುಗಳಲ್ಲಿ ಕಬ್ಬನ್ನು ಬೆಳೆದು ಕಾರ್ಖಾನೆಗೆ ಸಾಗಿಸಿದ ರೈತನು ಅಲ್ಲಿಂದಾಚೆ ಆ ಕಬ್ಬಿಗೂ ತನಗೂ ಸಂಬಂಧವಿಲ್ಲವೆಂಬಂತೆ ಇರುತ್ತಾನೆ. ಸಕ್ಕರೆಯಾದ ಬಳಿಕ ಅದರ ಬೆಲೆಯನ್ನು ಹೆಚ್ಚಿಸುವ ಕೆಲಸವೆಲ್ಲವೂ ಪಟ್ಟಣದವರ ಪಾಲಾಗಿದೆ. ಆದರೆ ಒಂದು ಕಿಲೋ ಸಕ್ಕರೆಯನ್ನು ಐವತ್ತು ಬೊಂಬೆಗಳನ್ನಾಗಿ ಮಾಡುವ ವಿದ್ಯೆಯು ನಮ್ಮ ಹಳ್ಳಿಯ ಮನೆಗಳಲ್ಲಿಯೇ ಇದ್ದು, ವರ್ಷದಲ್ಲಿ ಎರಡು ಮೂರು ವಾರ ಮಾತ್ರ ಕೆಲಸಕ್ಕೆ ಬಂದು, ಉಳಿದ ಕಾಲವೆಲ್ಲ ಅಟ್ಟದ ಮೇಲೆ ಅಚ್ಚಿನೊಡನೆ ಮಲಗಿರುತ್ತದೆ. ಅದನ್ನು ವರ್ಷವಿಡೀ ನಡೆಯುವಂತೆ ಮಾಡಲು ಈಗ ಒಂದು ದಾರಿಯು ತೆರೆದಿದೆ.

ಆ ದಾರಿ ಯಾವುದೆಂದರೆ ಕೇಕು. ಹುಟ್ಟುಹಬ್ಬದ ದಿನ ಕೇಕನ್ನು ಕತ್ತರಿಸುವ ರೂಢಿಯು ಕಲಬುರಗಿ ನಗರದಲ್ಲಿ ಮಾತ್ರವಲ್ಲ, ಕಮಲಾಪುರದಂತಹ ಸಣ್ಣ ಊರುಗಳಲ್ಲಿಯೂ ಬೇರೂರಿದೆ. ಅದರಲ್ಲಿಯೂ ಕಾಗದದ ಬಟ್ಟಲಿನಲ್ಲಿ ಬೇಯಿಸಿದ, ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚುವ ಕಪ್ ಕೇಕು ಮಕ್ಕಳಿಗೆ ಪ್ರಿಯವಾಗಿದೆ. ಅಮೆರಿಕದ ಅಮೆಲಿಯಾ ಸಿಮನ್ಸ್ ಎಂಬವಳು 1796ರ ತನ್ನ ಪಾಕಪುಸ್ತಕದಲ್ಲಿ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಕೇಕನ್ನು ಹೇಳಿದ್ದಳು. ಕಪ್ ಕೇಕ್ ಎಂಬ ಹೆಸರು 1828ರಲ್ಲಿ ಎಲೈಜಾ ಲೆಸ್ಲಿಯ ಪುಸ್ತಕದಲ್ಲಿ ಅಚ್ಚಾಯಿತು. ಇಂತಹ ಕೇಕಿನ ಬೆಣ್ಣೆಗೆನೆಯ ಮೇಲೆ ಒಂದು ಆನೆಯನ್ನೋ ನವಿಲನ್ನೋ ನಿಲ್ಲಿಸುವುದು ಈಗಿನ ಅಲಂಕಾರ. ಆದರೆ ಹಾಗೆ ನಿಲ್ಲಿಸುವ ಬೊಂಬೆಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನವು, ಇಲ್ಲವೆ ತಂತಿಗೆ ಸುತ್ತಿದ ಬಣ್ಣದ ಕಾಗದ. ತಿನ್ನುವ ಪದಾರ್ಥದ ಮೇಲೆ ತಿನ್ನಲಾಗದ ವಸ್ತುವನ್ನು ನೆಟ್ಟು ಎರಡು ಮೂರು ವರ್ಷದ ಶಿಶುವಿನ ಕೈಗೆ ಕೊಡುವುದು ಅಪಾಯಕರವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಕ್ಕರೆಯ ಆರತಿಯ ಬೊಂಬೆಯು ಈ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಅದು ಕೇಕಿನ ಮೇಲೆ ಕರಗದೆ, ವಾಲದೆ, ಮುರಿಯದೆ ನಿಲ್ಲಬೇಕು. ತಟ್ಟೆಯ ಮೇಲೆ ನಿಂತ ಬೊಂಬೆಯೆಲ್ಲವೂ ಕೇಕಿನ ಮೇಲೆ ನಿಲ್ಲುವುದಿಲ್ಲ. ಅದರ ಕಾರಣವನ್ನೂ ಉಪಾಯವನ್ನೂ ತಿಳಿಸುವುದೇ ಈ ಲೇಖನದ ಉದ್ದೇಶವು.

ಪಾಕದ ಲಕ್ಷಣ

ಸಕ್ಕರೆಯು ನೀರಿನಲ್ಲಿ ಕರಗುವ ಪ್ರಮಾಣವು ಶಾಖವನ್ನು ಅನುಸರಿಸುತ್ತದೆ. ಸಾಧಾರಣ ಹವೆಯಲ್ಲಿ ಒಂದು ಭಾಗ ನೀರು ಎರಡು ಭಾಗದಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ನೀರಾದರೋ ಹೆಚ್ಚುಕಡಿಮೆ ಐದು ಭಾಗವನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಗಟ್ಟಿ ಪಾಕವು ತಣಿಯುವಾಗ ಹೆಚ್ಚಾದ ಸಕ್ಕರೆಯು ಹೊರಬಿದ್ದು ಹರಳುಗಟ್ಟಲೇಬೇಕು. ಈ ಹರಳುಗಳು ಒಂದನ್ನೊಂದು ಹಿಡಿದುಕೊಂಡು ಗೋಡೆಯ ಕಲ್ಲುಗಳಂತೆ ಕಟ್ಟಿಕೊಳ್ಳುವುದರಿಂದಲೇ ಬೊಂಬೆಯು ಗಟ್ಟಿಯಾಗಿ ನಿಲ್ಲುತ್ತದೆ. ಹರಳು ಸಣ್ಣದಾದಷ್ಟೂ ಮೈ ನುಣುಪು, ಕಟ್ಟು ಬಿಗಿ. ಹರಳು ದಪ್ಪವಾದರೆ ಬೊಂಬೆಯು ಮರಳಿನ ಗೂಡಿನಂತೆ ಉದುರುತ್ತದೆ. ಹರಳೇ ಕಟ್ಟದಿದ್ದರೆ ಗಾಜಿನಂತಹ ಅಂಟು ಮುದ್ದೆಯಾಗಿ ಅಚ್ಚಿಗೆ ಹತ್ತಿಕೊಳ್ಳುತ್ತದೆ. ಕೈ ಪಳಗಿದ ಅಜ್ಜಿಯಂದಿರು ಈ ಮೂರು ಸ್ಥಿತಿಗಳನ್ನೂ ಪಾಕದ ಬಣ್ಣದಿಂದಲೇ ಗುರುತಿಸುತ್ತಾರೆ.

ಒಂದು ಕಿಲೋ ಬಿಳಿ ಸಕ್ಕರೆಗೆ 300ರಿಂದ 350 ಮಿಲಿಲೀಟರ್ ನೀರು ಸಾಕು. ಸಕ್ಕರೆಯು ಪೂರ್ಣವಾಗಿ ಕರಗಿದ ಮೇಲೆಯೇ ಉರಿಯನ್ನು ಹೆಚ್ಚಿಸತಕ್ಕದ್ದು. ಕುದಿ ಬಂದಾಗ ಒಂದೆರಡು ಚಮಚ ಹಾಲನ್ನು ಚಿಮುಕಿಸಿದರೆ ಕಶ್ಮಲವು ನೊರೆಯಾಗಿ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದುಹಾಕಿ ತೆಳು ಅರಿವೆಯಲ್ಲಿ ಪಾಕವನ್ನು ಸೋಸಿ ಮತ್ತೆ ಒಲೆಯ ಮೇಲಿಡಬೇಕು. ಪಾತ್ರೆಯ ಅಂಚಿಗೆ ಸಿಡಿದ ಹರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು. ಇಲ್ಲದಿದ್ದರೆ ಅವು ಪಾಕದಲ್ಲಿ ಬಿದ್ದು ಅಕಾಲದಲ್ಲಿ ದಪ್ಪ ಹರಳನ್ನು ಹುಟ್ಟಿಸುವುವು.

ನಿಂಬೆಯ ರಸದ ವಿಷಯದಲ್ಲಿ ಮಾತ್ರ ಬಹಳ ಜಾಗರೂಕತೆಯು ಬೇಕು. ಹುಳಿಯು ಬಿಸಿಯ ಸಹಾಯದಿಂದ ಸಕ್ಕರೆಯ ಒಂದಂಶವನ್ನು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಬಗೆಯಾಗಿ ಒಡೆಯುತ್ತದೆ. ಇವು ಹರಳಿನ ಬೆಳವಣಿಗೆಗೆ ಅಡ್ಡಬರುವುದರಿಂದ ಸ್ವಲ್ಪವಿದ್ದರೆ ಹರಳು ಸಣ್ಣದಾಗಿ ಉಳಿದು ಲಾಭವೇ ಆಗುತ್ತದೆ. ಹೆಚ್ಚಾದರೆ ಬೊಂಬೆಯು ಕಟ್ಟುವುದೇ ಇಲ್ಲ. ಕಟ್ಟಿದರೂ ಗಾಳಿಯ ತೇವವನ್ನು ಎಳೆದುಕೊಂಡು ಮರುದಿನ ಬೆವರುತ್ತದೆ. ಕಿಲೋ ಒಂದಕ್ಕೆ ನಾಲ್ಕಾರು ಹನಿಗಳಿಗೆ ಮೀರತಕ್ಕದ್ದಲ್ಲ.

ಬೆಲ್ಲದ ಬೊಂಬೆಯನ್ನು ಏಕೆ ಮಾಡಬಾರದೆಂದು ಕೇಳುವವರಿಗೂ ಇದೇ ಉತ್ತರವು. ಬೆಲ್ಲದಲ್ಲಿ ಈ ಒಡೆದ ಸಕ್ಕರೆಗಳು ಸ್ವಭಾವವಾಗಿಯೇ ಇರುವುವು. ಮಳೆಗಾಲದಲ್ಲಿ ಬೆಲ್ಲದ ಪೆಂಟೆಯು ಒಸರುವುದನ್ನು ಕಾಣದ ರೈತನಿಲ್ಲ. ಬೆಲ್ಲದ ಆನೆಯೂ ಹಾಗೆಯೇ ಒಸರಿ ಮೊಣಕಾಲೂರುವುದು.

ಪಾಕವನ್ನು ಇಳಿಸುವ ಹದವನ್ನು ತಿಳಿಯಲು ತಣ್ಣೀರಿನ ಬಟ್ಟಲಿನಲ್ಲಿ ಒಂದು ಹನಿಯನ್ನು ಬಿಟ್ಟು ನೋಡುವುದು ಹಳೆಯ ಕ್ರಮ: ಹನಿಯು ಬೆರಳ ನಡುವೆ ಮೆತ್ತನೆಯ ಉಂಡೆಯಾದರೆ ಹದ ಬಂದಿತು. ಉಷ್ಣಮಾಪಕವಿದ್ದರೆ ಇನ್ನೂ ನಿಶ್ಚಯ. ಪುಸ್ತಕಗಳು 115 ಡಿಗ್ರಿ ಸೆಂಟಿಗ್ರೇಡ್ ಎಂದು ಹೇಳುವುದು ಸಮುದ್ರಮಟ್ಟದ ಲೆಕ್ಕ. ಕಲಬುರಗಿಯು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕೆ ಬದಲು ಸುಮಾರು 98½ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದಕಾರಣ ಮೊದಲು ಬರಿಯ ನೀರನ್ನು ಕುದಿಸಿ ಮಾಪಕವು ತೋರಿಸುವ ಅಂಕಿಯನ್ನು ಬರೆದಿಟ್ಟುಕೊಂಡು, ಪಾಕವು ಅದಕ್ಕಿಂತ 15 ಡಿಗ್ರಿ ಮೇಲೇರಿದಾಗ ಇಳಿಸಿದರೆ ಎಲ್ಲ ಊರುಗಳಲ್ಲಿಯೂ ಒಂದೇ ಹದವು ಸಿಕ್ಕುವುದು. ಮಾಪಕದಲ್ಲಿಯೇ ದೋಷವಿದ್ದರೂ ಈ ಉಪಾಯದಿಂದ ಅದು ಸರಿಹೋಗುತ್ತದೆ.

ಅಚ್ಚು ಮತ್ತು ಎರೆಯುವ ಕ್ರಮ

ಅಚ್ಚುಗಳಿಗೆ ತೇಗದ ಮರವು ಉತ್ತಮ. ಎರಡು ಹೋಳುಗಳು ಮುಖಕ್ಕೆ ಮುಖ ಕೂಡಿ ಒಳಗೆ ಆಕೃತಿಯು ಟೊಳ್ಳಾಗಿರುವಂತೆ ಕೊರೆದಿರುತ್ತಾರೆ. ಪಾಕವನ್ನು ಬೊಂಬೆಯ ಪಾದದ ಕಡೆಯ ತೂತಿನಿಂದ ಎರೆಯಬೇಕು. ಅಚ್ಚಿಗೆ ವಾರ್ನಿಷನ್ನಾಗಲಿ ಬಣ್ಣವನ್ನಾಗಲಿ ಎಂದಿಗೂ ಬಳಿಯಕೂಡದು. ಉಪಯೋಗಿಸುವ ಮುನ್ನ ಕೆಲವು ತಾಸು ನೀರಿನಲ್ಲಿ ನೆನೆಹಾಕಬೇಕು. ನೆನೆದ ಮರವು ಉಬ್ಬಿ ಸಂದುಗಳು ಮುಚ್ಚಿಕೊಳ್ಳುವುದಲ್ಲದೆ, ಒದ್ದೆಯ ಮೈಗೆ ಸಕ್ಕರೆಯು ಅಂಟುವುದಿಲ್ಲ. ಆದರೆ ನೀರಿನಿಂದ ತೆಗೆದು ಹಾಗೆಯೇ ಎರೆದರೆ ಒಳಗೆ ನಿಂತ ಹನಿಗಳು ಬೊಂಬೆಯ ಮುಖದಲ್ಲಿ ಸಿಡುಬಿನ ಕಲೆಯಂತಹ ಗುಳಿಗಳನ್ನು ಮಾಡುತ್ತವೆ. ಆದುದರಿಂದ ಕೊಡವಿ, ಬಟ್ಟೆಯಿಂದ ಒತ್ತಿ, ಬಳಿಕ ಹೋಳುಗಳನ್ನು ಕೂಡಿಸಿ ಹುರಿಯಿಂದ ಬಿಗಿಯಾಗಿ ಕಟ್ಟತಕ್ಕದ್ದು.

ಹದವಾದ ಪಾಕದಲ್ಲಿ ಒಂದೆರಡು ಸೌಟಿನಷ್ಟನ್ನು ಮಾತ್ರ ಹಿಡಿಯುಳ್ಳ ಸಣ್ಣ ಪಾತ್ರೆಗೆ ತೆಗೆದುಕೊಂಡು, ಸೌಟಿನ ಬೆನ್ನಿನಿಂದ ಪಾತ್ರೆಯ ಮೈಗೆ ಉಜ್ಜುತ್ತ ತಿರುವಬೇಕು. ತಿಳಿಯಾದ ಪಾಕವು ಕ್ರಮೇಣ ಮಬ್ಬಾಗಿ ಹಾಲಿನ ಬಣ್ಣಕ್ಕೆ ಬರುವುದು. ಇದೇ ಎರೆಯುವ ಸಮಯ. ಈ ಕ್ಷಣಕ್ಕಿಂತ ಮುಂಚೆ ಎರೆದರೆ ಬೊಂಬೆಯು ಕಟ್ಟಲು ಬಹಳ ಹೊತ್ತಾಗಿ ಹರಳು ದಪ್ಪವಾಗುತ್ತದೆ. ತಡಮಾಡಿದರೆ ಪಾಕವು ಪಾತ್ರೆಯಲ್ಲಿಯೇ ಕಲ್ಲಾಗುತ್ತದೆ. ಅಂತರವು ಬಹು ಸ್ವಲ್ಪವಾದುದರಿಂದ ಈ ಕೆಲಸಕ್ಕೆ ಇಬ್ಬರಿರಬೇಕು, ಒಬ್ಬರು ತಿರುವಿ ಎರೆಯಲು, ಇನ್ನೊಬ್ಬರು ಅಚ್ಚನ್ನು ಹಿಡಿದು ನೆಲಕ್ಕೆ ಮೆಲ್ಲನೆ ತಟ್ಟಿ ಗಾಳಿಯ ಗುಳ್ಳೆಯನ್ನು ಬಿಡಿಸಲು. ಕುದಿಯುವ ನೀರಿಗಿಂತ ಪಾಕದ ಸುಡುವಿಕೆಯು ಕ್ರೂರವಾದುದು, ಮೈಗೆ ಅಂಟಿಕೊಂಡು ಬಿಡದು. ಮಕ್ಕಳನ್ನು ಒಲೆಯ ಹತ್ತಿರಕ್ಕೆ ಸೇರಿಸಕೂಡದು, ಪಕ್ಕದಲ್ಲಿ ತಣ್ಣೀರಿನ ಕೊಡವನ್ನು ಇಟ್ಟುಕೊಂಡಿರಬೇಕು.

ಸಣ್ಣ ಬೊಂಬೆಯು ಐದು ಹತ್ತು ನಿಮಿಷಗಳಲ್ಲಿ ಕಟ್ಟುತ್ತದೆ. ದೊಡ್ಡ ಗೋಪುರ, ತೇರುಗಳನ್ನು ಎರೆದಾಗ ಅಂಚಿನ ಗೋಡೆಯು ಕಟ್ಟಿದ ಕೂಡಲೆ ಅಚ್ಚನ್ನು ಬೋರಲು ಹಾಕಿ ನಡುವಿನ ಪಾಕವನ್ನು ಸುರಿದುಬಿಟ್ಟರೆ ಬೊಂಬೆಯು ಟೊಳ್ಳಾಗಿ ಹಗುರವಾಗುತ್ತದೆ, ಸಕ್ಕರೆಯೂ ಉಳಿಯುತ್ತದೆ. ಮೆಕ್ಸಿಕೋ ದೇಶದವರು ನವೆಂಬರ್ ತಿಂಗಳ 1 ಮತ್ತು 2ನೆಯ ದಿನಗಳಲ್ಲಿ ಗತಿಸಿದವರ ಸ್ಮರಣೆಗಾಗಿ ಇಡುವ ಸಕ್ಕರೆಯ ತಲೆಬುರುಡೆಗಳನ್ನೂ ಹೀಗೆಯೇ ಟೊಳ್ಳಾಗಿ ಎರೆಯುವುದುಂಟು. ದೇಶ ದೂರವಾದರೂ ಸಕ್ಕರೆಯ ಸ್ವಭಾವವು ಒಂದೇ ಆಗಿರುವುದರಿಂದ ಕೈಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ.

ಅಚ್ಚಿನಿಂದ ಬಿಡಿಸಿದ ಬೊಂಬೆಯ ಸಂದಿನ ಗೆರೆಯನ್ನು ಹರಿತವಾದ ಚಾಕುವಿನಿಂದ ಹೆರೆದು, ಪಾದವನ್ನು ಸಮವಾದ ಹಲಗೆಯ ಮೇಲೆ ತಿಕ್ಕಿ ಮಟ್ಟಮಾಡಿ, ನೆರಳಿನಲ್ಲಿ ಗಾಳಿಯಾಡುವೆಡೆ ಒಂದು ಹಗಲು ಒಂದು ರಾತ್ರಿ ಒಣಗಿಸಬೇಕು. ಮುರಿದವುಗಳನ್ನು ಮುಂದಿನ ಪಾಕಕ್ಕೆ ಸೇರಿಸಿಕೊಳ್ಳಬಹುದು. ಆದರೆ ಪುನಃಪುನಃ ಕರಗಿಸಿದ ಸಕ್ಕರೆಯು ಹಳದಿಗೆ ತಿರುಗಿ ಹರಳುಗಟ್ಟುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಒಂದು ಸಾರಿಗೆ ಮೀರಿ ಹೀಗೆ ಮಾಡುವುದು ಸಲ್ಲದು.

ಕೇಕಿನ ಮೇಲೆ ನಿಲ್ಲತಕ್ಕ ಬೊಂಬೆಯ ಅಳತೆ

ಕಪ್ ಕೇಕಿನ ತಲೆಯ ಅಗಲವು ಆರೇಳು ಸೆಂಟಿಮೀಟರ್. ಅದರ ಮೇಲೆ ನಾಲ್ಕರಿಂದ ಐದು ಸೆಂಟಿಮೀಟರಿಗೆ ಮಿಕ್ಕ ಎತ್ತರದ ಬೊಂಬೆಯು ಶೋಭಿಸುವುದೂ ಇಲ್ಲ, ನಿಲ್ಲುವುದೂ ಇಲ್ಲ. ಹದಿನೈದು ಇಪ್ಪತ್ತು ಗ್ರಾಂ ತೂಕವು ತಕ್ಕದ್ದು. ಆ ಲೆಕ್ಕದಲ್ಲಿ ಕಿಲೋ ಸಕ್ಕರೆಗೆ ಐವತ್ತರ ಮೇಲಾಗುವುವು. ಮುರಿದವನ್ನೂ ವಕ್ರವಾದವನ್ನೂ ಕಳೆದು ನಲವತ್ತು ನಲವತ್ತೈದೆಂದು ಎಣಿಸುವುದು ಕ್ಷೇಮ. ಆರತಿಯ ಹಳೆಯ ಅಚ್ಚುಗಳಲ್ಲಿ ಅನೇಕವು ಇದಕ್ಕೆ ದೊಡ್ಡವಾದುದರಿಂದ ಹೊಸದಾಗಿ ಸಣ್ಣ ಅಚ್ಚುಗಳನ್ನು ಊರ ಬಡಿಗರಿಂದ ಕೊರೆಸಬೇಕಾಗುತ್ತದೆ. ಕೊರೆಸುವಾಗ ಆನೆ ಕುದುರೆಗಳ ಕಾಲುಗಳ ನಡುವಣ ಜಾಗವನ್ನು ಬಯಲು ಬಿಡದೆ ತೆಳುಗೋಡೆಯಾಗಿ ಕೂಡಿಸಿ, ಕೆಳಗೆ ನಾಲ್ಕೂ ಕಾಲಿಗೆ ಒಂದೇ ಪೀಠವನ್ನು ಇರಿಸಲು ಹೇಳಬೇಕು. ಬಿಡಿಗಾಲಿನ ಕುದುರೆಯು ನೋಟಕ್ಕೆ ಅಂದವಾದರೂ ಅಚ್ಚಿನಿಂದ ಬಿಡಿಸುವಾಗಲೇ ಕುಂಟಾಗುವುದು. ನವಿಲಿನ ಕೊರಳು, ಒಂಟೆಯ ಕೊರಳು ಇವೂ ಮೈಗೆ ಒರಗಿದಂತಿರಲಿ. ಸಿದ್ಧವಾದ ಬೊಂಬೆಯನ್ನು ಹಲಗೆಯ ಮೇಲಿಟ್ಟು ಹಲಗೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿ ನೋಡಿದರೆ, ಸ್ವಲ್ಪ ಓರೆಗೇ ಬೀಳುವ ಬೊಂಬೆಯು ಮೆತ್ತನೆಯ ಕೇಕಿನ ಮೇಲೆ ನಿಲ್ಲಲಾರದೆಂದು ತಿಳಿಯುವುದು.

ಇನ್ನು ಮುಖ್ಯವಾದ ಸಂಗತಿ ತೇವ. ಸಕ್ಕರೆಗೆ ನೀರೇ ಶತ್ರು, ಕೇಕಿನ ಮೇಲಣ ಕೆನೆಯಲ್ಲಿ ನೀರೇ ಹೆಚ್ಚು. ಬೆಣ್ಣೆಯನ್ನು ಸಕ್ಕರೆಪುಡಿಯೊಡನೆ ನಾದಿದ ಕೆನೆಯು ಅಷ್ಟು ಬಾಧಕವಲ್ಲ. ಕಡೆದು ಉಬ್ಬಿಸಿದ ಹಾಲುಕೆನೆಯಾದರೆ ಕೆಲವು ತಾಸುಗಳಲ್ಲಿ ಬೊಂಬೆಯ ಪಾದವನ್ನು ಕರಗಿಸಿಬಿಡುತ್ತದೆ. ಇದಕ್ಕೆ ಉಪಾಯವೇನೆಂದರೆ, ಕರಗಿಸಿದ ಕೋಕೋ ಬೆಣ್ಣೆಯಲ್ಲಿ ಅಥವಾ ಬಿಳಿ ಚಾಕಲೇಟಿನಲ್ಲಿ ಬೊಂಬೆಯ ಪಾದವನ್ನು ಅರ್ಧ ಬೆರಳಿನಷ್ಟು ಅದ್ದಿ ಆರಲು ಬಿಡುವುದು. ಕೊಬ್ಬಿನ ಪದರವು ನೀರನ್ನು ತಡೆಯುತ್ತದೆ. ನಮ್ಮ ಜೋಳದ ಕಟಿರೊಟ್ಟಿಯನ್ನು ರೂಪಾಯಿಯಗಲ ಕತ್ತರಿಸಿ ಇದೇ ಚಾಕಲೇಟಿನಲ್ಲಿ ಮುಳುಗಿಸಿ ಬೊಂಬೆಗೆ ಪೀಠವನ್ನಾಗಿ ಅಂಟಿಸಿ ನೋಡಬಹುದೆಂದು ನನ್ನ ಅಭಿಪ್ರಾಯ. ಕಲಬುರಗಿಯ ರೊಟ್ಟಿಗೂ ಒಂದು ಹೊಸ ಮರ್ಯಾದೆಯು ಬಂದೀತು. ಶೀತಪೆಟ್ಟಿಗೆಯಲ್ಲಿ ಬೊಂಬೆಸಹಿತ ಕೇಕನ್ನು ಇಡುವುದು ಮತ್ತೊಂದು ತಪ್ಪು. ಹೊರಕ್ಕೆ ತೆಗೆದ ಕೂಡಲೆ ತಣ್ಣನೆಯ ಮೈಮೇಲೆ ಗಾಳಿಯ ಆವಿಯು ಹನಿಯಾಗಿ ಕುಳಿತು ಬಣ್ಣವು ಹರಿಯುತ್ತದೆ. ಬೊಂಬೆಗಳನ್ನು ಬೇರೆ ಡಬ್ಬಿಯಲ್ಲಿ ಕೊಟ್ಟು, ಕೇಕನ್ನು ಹಂಚುವ ಸ್ವಲ್ಪ ಮುಂಚೆ ನಿಲ್ಲಿಸುವಂತೆ ಕೊಳ್ಳುವವರಿಗೆ ತಿಳಿಸತಕ್ಕದ್ದು.

ಅಚ್ಚಿಗೆ ಒಗ್ಗದ ಕೆಲಸಗಳೂ ಉಂಟು. ಮಗುವಿನ ಹೆಸರು, ಅಂಕಿ, ತೆಳು ಎಸಳಿನ ಹೂವು, ಚಿಟ್ಟೆ ಇವುಗಳನ್ನು ಎರೆಯಲಾಗದು. ಸಕ್ಕರೆಯ ಕಣಕದಿಂದ ಲಟ್ಟಿಸಿ ಕತ್ತರಿಸಬೇಕು. ವಸ್ತ್ರಗಾಳಿತ ಮಾಡಿದ ಸಕ್ಕರೆಪುಡಿ 450 ಗ್ರಾಂ, ಆಹಾರಕ್ಕೆ ಯೋಗ್ಯವಾದ ಸಿ.ಎಂ.ಸಿ. ಎಂಬ ಅಂಟುಪುಡಿ 10ರಿಂದ 15 ಗ್ರಾಂ, ವನಸ್ಪತಿ ಒಂದು ಚಮಚ, ಇವನ್ನು ಸ್ವಲ್ಪಸ್ವಲ್ಪವಾಗಿ ನೀರು ಚಿಮುಕಿಸುತ್ತ ರೊಟ್ಟಿಯ ಹಿಟ್ಟಿಗಿಂತ ಬಿಗಿಯಾಗಿ ನಾದಬೇಕು. ನೀರು ಐವತ್ತು ಮಿಲಿಲೀಟರಿನ ಒಳಗೇ ಸಾಕಾಗುವುದು. ಪಾಶ್ಚಾತ್ಯರು ನೀರಿಗೆ ಬದಲು ಮೊಟ್ಟೆಯ ಬಿಳಿಯನ್ನು ಹಾಕುವರು. ನಮ್ಮ ಕಡೆ ಅನೇಕ ಮನೆಗಳಲ್ಲಿ ಅದು ನಡೆಯದಾದುದರಿಂದ ನೀರೇ ಲೇಸು. ಕಣಕವನ್ನು ಗಾಳಿಯಾಡದಂತೆ ಮುಚ್ಚಿ ಒಂದು ರಾತ್ರಿ ಇಟ್ಟು, ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, ಮಗುಚುತ್ತ ಎರಡು ದಿನ ಒಣಗಿಸಬೇಕು. ಇವುಗಳನ್ನು ಕೇಕಿನಲ್ಲಿ ನೆಡಲು ಹಲ್ಲುಕಡ್ಡಿಯನ್ನು ಚುಚ್ಚುವುದುಂಟು; ಮಗುವು ಅರಿಯದೆ ಕಚ್ಚಿದರೆ ಗಂಟಲಿಗೆ ಅಪಾಯ. ಕಣಕವು ಹಸಿಯಾಗಿರುವಾಗಲೇ ದಪ್ಪನೆಯ ಒಣ ಶಾವಿಗೆಯ ಎಳೆಯನ್ನು ಬುಡದಲ್ಲಿ ಸೇರಿಸಿ ಒಣಗಿಸಿದರೆ ಅದೇ ಗೂಟವಾಗುವುದು, ತಿಂದರೂ ಬಾಧೆಯಿಲ್ಲ.

ಯೂರೋಪಿನಲ್ಲಿ ಹದಿನಾರನೆಯ ಶತಮಾನದಿಂದಲೂ ಶ್ರೀಮಂತರ ಊಟದ ಮೇಜಿಗೆ ಇಂತಹ ಕಣಕದಿಂದ ತಟ್ಟೆ ಬಟ್ಟಲುಗಳನ್ನೇ ಮಾಡುತ್ತಿದ್ದರು. ಆಗ ಬಳಸುತ್ತಿದ್ದುದು ಪರ್ಷಿಯಾ ಕಡೆಯಿಂದ ಬರುತ್ತಿದ್ದ ಟ್ರಾಗಕಾಂತ್ ಎಂಬ ಗಿಡದ ಅಂಟು. ನಮ್ಮಲ್ಲಿ ಬಾಣಂತಿಯರಿಗೆ ಮಾಡುವ ಅಂಟಿನ ಉಂಡೆಯ ಅಂಟು ಕಣಕಕ್ಕೆ ಅಷ್ಟು ಬಿಗಿಯನ್ನು ಕೊಡದು, ಆದರೆ ಒಂದು ಭಾಗ ಅಂಟನ್ನು ಎರಡು ಭಾಗ ನೀರಿನಲ್ಲಿ ನೆನೆಸಿ ಸೋಸಿದರೆ ಮುರಿದ ಸೊಂಡಿಲನ್ನು ಕೂಡಿಸಲು ಉತ್ತಮವಾದ ಗೋಂದಾಗುತ್ತದೆ. ತಿನ್ನಲು ಯೋಗ್ಯವೆಂದು ಮಾರುವ ಅಂಟನ್ನೇ ಕೊಳ್ಳತಕ್ಕದ್ದು. ಹೊಲದ ಬದುವಿನ ಕಂಡಕಂಡ ಮರದ ಅಂಟನ್ನು ತರುವುದು ತರವಲ್ಲ.

ಬಣ್ಣದ ವಿಷಯ

ಈ ಕಸುಬಿನ ಹೆಸರನ್ನು ಕೆಡಿಸುವುದು ಬಣ್ಣವೇ. 2024ನೆಯ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣವನ್ನು ಬಳಸುವುದನ್ನೂ, ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ಬಳಸುವುದನ್ನೂ ನಿಷೇಧಿಸಿದ ಸಂಗತಿಯು ವಾಚಕರ ನೆನಪಿನಲ್ಲಿರಬಹುದು. ಕಣ್ಣು ಕೋರೈಸುವ ಆ ಗುಲಾಬಿ ಬಣ್ಣವು ಸಕ್ಕರೆಯ ಆನೆಯ ಮೈಯಲ್ಲಿಯೂ ಇರಬಾರದು. ಮೆಟಾನಿಲ್ ಹಳದಿಯೂ ಅದೇ ಜಾತಿಯದು. ಬೆಲ್ಲದ ಆಲೆಮನೆಗಳಲ್ಲಿ ಬಿಳುಪಿಗಾಗಿ ಹಾಕುವ ಹೈಡ್ರೋಸ್ ಎಂಬ ಪುಡಿಯನ್ನು ಪಾಕಕ್ಕೆ ಸೋಂಕಿಸಕೂಡದು. ಹಾಲಿನಿಂದ ಶೋಧಿಸಿದ ಪಾಕಕ್ಕೆ ಅದರ ಅಗತ್ಯವೇ ಇಲ್ಲ.

ಆಹಾರ ಸುರಕ್ಷತೆಯ ನಿಯಮಗಳು ಮಿಠಾಯಿಗೆ ಎರಿತ್ರೋಸಿನ್, ಟಾರ್ಟ್ರಜಿನ್, ಬ್ರಿಲಿಯಂಟ್ ಬ್ಲೂ ಮೊದಲಾದ ಎಂಟೇ ಕೃತಕ ಬಣ್ಣಗಳನ್ನು ಒಪ್ಪಿವೆ. ಅವನ್ನೂ ಕಿಲೋ ಒಂದಕ್ಕೆ 100 ಮಿಲಿಗ್ರಾಂ, ಎಂದರೆ ಗ್ರಾಮಿನ ಹತ್ತನೆಯ ಒಂದಂಶಕ್ಕೆ ಮೀರಿ ಹಾಕುವಂತಿಲ್ಲ. ಚಿಟಿಕೆಯ ಲೆಕ್ಕದಲ್ಲಿ ಹಾಕುವವರು ಈ ಮಿತಿಯನ್ನು ದಾಟುವುದು ನಿಶ್ಚಯವು. ಆದಕಾರಣ ಒಂದು ಗ್ರಾಂ ಬಣ್ಣವನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಸೀಸೆಯಲ್ಲಿಟ್ಟುಕೊಳ್ಳಿರಿ. ಅದರಲ್ಲಿ 10 ಮಿಲಿಲೀಟರ್ ಕಿಲೋ ಸಕ್ಕರೆಗೆ ಪರಮಾವಧಿ. ಅದರ ಅರ್ಧದಲ್ಲಿಯೇ ತಿಳಿಗುಲಾಬಿ ಬರುವುದರಿಂದ ಪರಮಾವಧಿಯವರೆಗೆ ಹೋಗಬೇಕಾದ ಕಾರಣವೂ ಇಲ್ಲ. ಅರಿಸಿನವು ಒಳ್ಳೆಯ ಹಳದಿಯನ್ನು ಕೊಡುತ್ತದೆ, ಬಿಸಿಲಿಗೆ ಮಾತ್ರ ಮಾಸುತ್ತದೆ. ಬೀಟ್‌ರೂಟಿನ ಕೆಂಪು ಕುದಿಪಾಕದಲ್ಲಿ ಕಂದಾಗುವುದರಿಂದ ಅದನ್ನು ಒಣಗಿಸಿ ಪುಡಿಮಾಡಿ ಕಣಕಕ್ಕೆ ಹಾಕಬೇಕು, ಎರೆಯುವ ಪಾಕಕ್ಕಲ್ಲ. ಮಿರುಗುವ ಪುಡಿಗಳಲ್ಲಿ ಅನೇಕವು ತಿನ್ನತಕ್ಕವೇ ಅಲ್ಲ. ಬೆಳ್ಳಿಯ ವರಖನ್ನು ಹಚ್ಚುವುದಾದರೆ, ಪ್ರಾಣಿಜನ್ಯ ವಸ್ತುವಿನ ಸಂಪರ್ಕವಿಲ್ಲದೆ ತಯಾರಿಸಿದ್ದನ್ನೇ ಬಳಸಬೇಕೆಂದು 2016ರಲ್ಲಿ ನಿಯಮವಾಗಿದೆ. ನನ್ನನ್ನು ಕೇಳಿದರೆ, ಗೌರಿಯ ಮುಂದೆ ನಿಲ್ಲುವ ಬಿಳಿಯ ಆನೆಯ ಸೊಬಗು ಬಣ್ಣದ ಆನೆಗೆ ಇಲ್ಲ. ಕಣ್ಣಿಗೊಂದು ಎಳ್ಳನ್ನು ಅಂಟಿಸಿದರೆ ಸಾಕು.

ಕಮಲಾಪುರದ ಬಾಳೆ

ಕಮಲಾಪುರದ ಕೆಂಪು ಬಾಳೆಯು ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಸೇರಿ ಹೆಸರಾದ ಬೆಳೆ. 2018ರಲ್ಲಿ ತಾಲ್ಲೂಕಿನ ಕೇಂದ್ರವೂ ಆದ ಆ ಊರಿನ ತೋಟದವರು ತಮ್ಮ ಹಣ್ಣು ಇಂತಹ ಮಿಠಾಯಿಗೆ ಒದಗುವುದೇ ಎಂದು ಕೇಳಬಹುದು. ಕೇಕಿನ ಹಿಟ್ಟಿಗೆ ಒದಗುತ್ತದೆ, ಬೊಂಬೆಗೆ ಒದಗದು. ಹಣ್ಣಾದ ಬಾಳೆಯ ಸಿಹಿಯಲ್ಲಿ ಹಿಂದೆ ಹೇಳಿದ ಗ್ಲೂಕೋಸ್, ಫ್ರಕ್ಟೋಸುಗಳು ಬಹಳವಾಗಿರುವುದರಿಂದ ಅದರ ತಿರುಳನ್ನು ಪಾಕಕ್ಕೆ ಸೇರಿಸಿದರೆ ಬೊಂಬೆಯು ಹರಳುಗಟ್ಟುವುದಿಲ್ಲ. ಕೆಂಪು ಬಣ್ಣವಾದರೋ ಸಿಪ್ಪೆಯದೇ ಹೊರತು ತಿರುಳಿನದಲ್ಲ. ಆದರೆ ಕಾಯನ್ನು ಹೋಳುಮಾಡಿ ಒಣಗಿಸಿ ಬೀಸಿದ ಹಿಟ್ಟು ಬಹುಮಟ್ಟಿಗೆ ಪಿಷ್ಟವೇ ಆದುದರಿಂದ, ಕಣಕವನ್ನು ಲಟ್ಟಿಸುವಾಗ ಹಲಗೆಗೆ ಉದುರಿಸಲು ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಗಿ ಅದನ್ನು ಉಪಯೋಗಿಸಬಹುದು. ಬೆಲೆಯುಳ್ಳ ಕೆಂಪು ಬಾಳೆಯನ್ನು ಇದಕ್ಕಾಗಿ ಬೀಸುವುದು ಲಾಭಕರವಲ್ಲ. ಗಾಳಿಮಳೆಗೆ ಗಿಡ ಬಿದ್ದಾಗ ಎಳೆಯದಾಗಿಯೇ ಉಳಿದ ಗೊನೆಗಳಿಗೆ ಮಾತ್ರ ಈ ಮಾತು.

ಕಮಲಾಪುರದ ಹಣ್ಣಿನ ಹೋಳುಗಳನ್ನು ಬೆರೆಸಿ ಬೇಯಿಸಿದ ಕಪ್ ಕೇಕಿನ ಮೇಲೆ ಆರತಿಯ ಅಚ್ಚಿನ ಸಣ್ಣ ಆನೆಯನ್ನು ನಿಲ್ಲಿಸಿ ಕಲಬುರಗಿಯ ಬೇಕರಿಗಳಿಗೆ ಮಾದರಿಗಾಗಿ ಒಯ್ದು ತೋರಿಸುವುದು ಕಷ್ಟದ ಕೆಲಸವಲ್ಲ. ನಗರದಲ್ಲಿ ಹೋಳಿಯ ಬಳಿಕ ನಡೆಯುವ ಶರಣಬಸವೇಶ್ವರರ ಜಾತ್ರೆಗೆ ಸೇರುವ ಜನಸಂದಣಿಯಲ್ಲಿಯೂ ಬೆಂಡು ಬತ್ತಾಸುಗಳ ಪಕ್ಕದಲ್ಲಿ ಇದಕ್ಕೆ ಜಾಗವು ದೊರೆಯಬಹುದು. ಈ ಕೆಲಸಕ್ಕೆ ನಮ್ಮ ಹವೆಯು ಸಹಾಯಕವಾದುದೆಂಬುದನ್ನು ಗಮನಿಸಬೇಕು. ಕರಾವಳಿಯಲ್ಲಿ ವರ್ಷದ ಬಹುಕಾಲ ಬೆವರುವ ಬೊಂಬೆಯು ಕಲಬುರಗಿಯ ಒಣಗಾಳಿಯಲ್ಲಿ ಕಾರ್ತಿಕದಿಂದ ಜ್ಯೇಷ್ಠದವರೆಗೆ ಡಬ್ಬಿಯಲ್ಲಿ ಹಾಗೆಯೇ ಉಳಿಯುವುದು. ಮಳೆಗಾಲದಲ್ಲಿ ಎರೆಯುವುದನ್ನು ನಿಲ್ಲಿಸಿ ಅಚ್ಚುಗಳ ಕೆಲಸವನ್ನು ನೋಡಿಕೊಳ್ಳಬಹುದು.

ಊರ ಗೌಡರೂ ಭೂಮಾಲೀಕರೂ ಇದರಲ್ಲಿ ಮಾಡತಕ್ಕದ್ದು ಇಷ್ಟು. ತಮ್ಮ ಊರಿನಲ್ಲಿ ಆರತಿಯ ಅಚ್ಚುಗಳು ಯಾವ ಯಾವ ಮನೆಗಳಲ್ಲಿ ಉಳಿದಿವೆಯೆಂದು ವಿಚಾರಿಸಿ ಪಟ್ಟಿಮಾಡಬೇಕು. ಹಳೆಯ ಮರದ ಕೆತ್ತನೆಯನ್ನು ಅಲಂಕಾರದ ವಸ್ತುವೆಂದು ಕೊಳ್ಳುವವರು ಹಳ್ಳಿಗಳನ್ನು ಸುತ್ತುತ್ತಾರೆ. ನಾಲ್ಕು ಕಾಸಿಗೆ ಹೋದ ಅಚ್ಚು ಮರಳಿ ಬರುವುದಿಲ್ಲ, ಅದರೊಡನೆ ಆ ಆಕೃತಿಯೂ ಹೋಗುವುದು. ಮನೆಯವರು ಒಪ್ಪಿದರೆ ಒಳ್ಳೆಯ ಅಚ್ಚುಗಳನ್ನು ಮಾದರಿಯಾಗಿಟ್ಟುಕೊಂಡು ಬಡಿಗರಿಂದ ಸಣ್ಣ ಪ್ರತಿಗಳನ್ನು ಕೊರೆಸಿ, ಊರಿನ ಸ್ತ್ರೀ ಸ್ವಸಹಾಯ ಸಂಘಕ್ಕೆ ಸಾಮಾನ್ಯ ಸ್ವತ್ತಾಗಿ ಕೊಡಬಹುದು. ಹೊಗೆ ಹೋಗಲು ದಾರಿಯಿರುವ, ನೊಣ ಇರುವೆಗಳು ಸೇರದ ಒಂದು ಕೋಣೆಯನ್ನು ಅವರಿಗೆ ಬಿಟ್ಟುಕೊಡುವುದು ಹಣ ಕೊಡುವುದಕ್ಕಿಂತ ಹೆಚ್ಚಿನ ಉಪಕಾರವು. ಮಾರಾಟಕ್ಕಾಗಿ ಮಾಡುವವರು 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಪದಾರ್ಥಗಳನ್ನೂ ತಯಾರಿಸಿದ ದಿನವನ್ನೂ ಹಾಕಿದ ಬಣ್ಣದ ಹೆಸರನ್ನೂ ಕಾಣಿಸಬೇಕು. ಬೆಲೆಯನ್ನು ಕಟ್ಟುವಾಗ ಸಕ್ಕರೆ, ಸೌದೆ ಅಥವಾ ಅನಿಲ, ಡಬ್ಬಿ, ಮುರಿದುಹೋದ ಪಾಲು ಇವನ್ನು ಮಾತ್ರ ಎಣಿಸಿ ಹೆಂಗಸರ ದಿನದ ಕೂಲಿಯನ್ನು ಬಿಟ್ಟುಬಿಡುವ ಪದ್ಧತಿಯು ಎಲ್ಲೆಡೆಯೂ ಕಂಡುಬರುತ್ತದೆ. ಇಬ್ಬರು ಹೆಂಗಸರು ಒಂದು ದಿನದಲ್ಲಿ ಎಷ್ಟು ಬೊಂಬೆಗಳನ್ನು ಎರೆದು ಹೆರೆದು ಒಣಹಾಕಬಲ್ಲರೆಂಬುದನ್ನು ಮೊದಲ ವಾರದಲ್ಲಿಯೇ ಬರೆದಿಟ್ಟು, ಹೊಲದ ಕೂಲಿಗೆ ಕಡಿಮೆಯಾಗದಂತೆ ಅದನ್ನು ಬೆಲೆಯಲ್ಲಿ ಸೇರಿಸತಕ್ಕದ್ದು.

ಮುಂದಿನ ಗೌರಿ ಹುಣ್ಣಿಮೆಗೆ ಸಿದ್ಧವಾಗಬೇಕೆಂದಿರುವವರು ಆಷಾಢದಲ್ಲಿಯೇ ಮರವನ್ನು ಆರಿಸಬೇಕು. ಹಸಿಯ ಮರದಲ್ಲಿ ಕೊರೆದ ಅಚ್ಚು ಒಣಗುವಾಗ ತಿರುಚಿಕೊಂಡು ಹೋಳುಗಳು ಕೂಡುವುದಿಲ್ಲವಾದುದರಿಂದ ಹಳೆಯ ಬಾಗಿಲು, ತೊಲೆಗಳ ತೇಗವಿದ್ದರೆ ಅದೇ ಶ್ರೇಷ್ಠ. ಕೆಲಸ ಮುಗಿದ ದಿನವೇ ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಮೂಲೆಗಳಲ್ಲಿ ಸಿಕ್ಕಿದ ಸಕ್ಕರೆಯನ್ನು ಮೆತ್ತನೆಯ ಕುಂಚದಿಂದ ತೆಗೆದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ, ಜೋಡಿ ತಪ್ಪದಂತೆ ಎರಡೂ ಹೋಳುಗಳ ಬೆನ್ನಿಗೆ ಒಂದೇ ಗುರುತನ್ನು ಕೆತ್ತಿ, ಕಟ್ಟಿ ಇಡತಕ್ಕದ್ದು.